ವಾಡಿನಾರ್‌ನಲ್ಲಿ ಮೇಲ್ ನಿಂತ ದಿನ: ಎಐ ಕಾಲದಲ್ಲಿ ‘ದೇಶದ ಹಿಡಿತ’ ಅಂದರೆ ಏನು?

2026ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಎಐ ಇಂಪ್ಯಾಕ್ಟ್ ಶೃಂಗಸಭೆ ನಡೆದಾಗ ಒಂದೇ ವಾರದಲ್ಲಿ ಒಂದಕ್ಕೊಂದು ಹೊಂದದ ಸುದ್ದಿಗಳನ್ನು ಓದಿದೆವು. ಒಂದು ಕಡೆ ‘ಸಾವರಿನ್ ಎಐ’ ಎಂಬ ಮಾತು. ಅಂದರೆ ನಮ್ಮದೇ ಮಾಡೆಲ್ (ಡೇಟಾದಿಂದ ಕಲಿತು ಉತ್ತರ ಕೊಡುವ ಎಐ ತಂತ್ರಾಂಶ), ನಮ್ಮದೇ ಡೇಟಾ, ನಮ್ಮದೇ ಕಂಪ್ಯೂಟರ್. ಇನ್ನೊಂದು ಕಡೆ, ಎಐಗೆ ದೇಶಗಳೆಲ್ಲ ಸೇರಿ ನಿಯಮ ಮಾಡಬೇಕು ಎಂಬ ಮಾತು. ಅದೇ ಸಭೆಗೆ ಅಮೆರಿಕದ ದೊಡ್ಡ ಕಂಪನಿಗಳ ಮುಖ್ಯಸ್ಥರೂ ಬಂದಿದ್ದರು. ನಮ್ಮದೇ ಬೇಕು ಅಂದಮೇಲೆ ಜಗತ್ತಿನ ನಿಯಮ ಯಾಕೆ? ಜಗತ್ತಿಗೆಲ್ಲ ಒಂದೇ ನಿಯಮ ಬರುವುದಾದರೆ ಇಷ್ಟು ದುಡ್ಡು ಸುರಿದು ನಮ್ಮದೇ ಒಂದನ್ನು ಕಟ್ಟುವುದು ಯಾಕೆ? ಗೊಂದಲ ಆಗುವುದು ಸಹಜ.

ಇದನ್ನು ಬಿಡಿಸಿಕೊಳ್ಳಲು ಶೃಂಗಸಭೆಯ ಭಾಷಣಗಳಿಗಿಂತ ಅದಕ್ಕೂ ಏಳು ತಿಂಗಳ ಹಿಂದೆ ಗುಜರಾತಿನಲ್ಲಿ ನಡೆದ ಒಂದು ಘಟನೆ ಜಾಸ್ತಿ ಸಹಾಯ ಮಾಡುತ್ತದೆ.

ದುಡ್ಡು ಕಟ್ಟಿದ್ದರೂ ಬಾಗಿಲು ಮುಚ್ಚಿತು

ಗುಜರಾತಿನ ವಾಡಿನಾರ್‌ನಲ್ಲಿ ನಯಾರಾ ಎನರ್ಜಿ ಕಂಪನಿಯ ರಿಫೈನರಿ ಇದೆ. ವರ್ಷಕ್ಕೆ 2 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸಬಲ್ಲದು. ಇಡೀ ದೇಶದ ಸಾಮರ್ಥ್ಯದಲ್ಲಿ ಇದು ಸುಮಾರು ಶೇ 8ರಷ್ಟು. ದೇಶದ ತುಂಬ ಈ ಕಂಪನಿಯ ಆರು ಸಾವಿರಕ್ಕೂ ಹೆಚ್ಚು ಪೆಟ್ರೋಲ್ ಬಂಕ್‌ಗಳಿವೆ. ಇದರಲ್ಲಿ ರಷ್ಯಾದ ರಾಸ್‌ನೆಫ್ಟ್‌ ಕಂಪನಿಗೆ ಶೇ 49.13ರಷ್ಟು ಪಾಲು ಇದೆ.

2025ರ ಜುಲೈ 18ರಂದು ಐರೋಪ್ಯ ಒಕ್ಕೂಟ ರಷ್ಯಾ ಮೇಲೆ ಹೊಸ ನಿರ್ಬಂಧಗಳನ್ನು ಹೇರಿತು. ಆ ಪಟ್ಟಿಯಲ್ಲಿ ನಯಾರಾ ಹೆಸರೂ ಇತ್ತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಸೇವೆ ನಿಲ್ಲಿಸಿತು. ನೌಕರರಿಗೆ ಔಟ್‌ಲುಕ್ ಮೇಲ್ ಸಿಗಲಿಲ್ಲ, ಟೀಮ್ಸ್ ಸಿಗಲಿಲ್ಲ. ಲೈಸೆನ್ಸ್‌ಗೆ ಪೂರ್ತಿ ದುಡ್ಡು ಕಟ್ಟಿದ್ದೇವೆ, ನಮ್ಮದೇ ಡೇಟಾ ನಮಗೇ ಸಿಗುತ್ತಿಲ್ಲ ಎಂದು ನಯಾರಾ ದೆಹಲಿ ಹೈಕೋರ್ಟಿಗೆ ಹೋಯಿತು. ಜುಲೈ ಮುಗಿಯುವುದರೊಳಗೆ ಸೇವೆ ವಾಪಸ್ ಬಂತು, ಅರ್ಜಿಯೂ ವಾಪಸ್ ಆಯಿತು.

ಇಲ್ಲಿ ಒಂದು ಕ್ಷಣ ನಿಂತು ಎಣಿಸಿ ನೋಡಬೇಕು. ನಿರ್ಬಂಧ ಹಾಕಿದ್ದು ಯುರೋಪ್. ಸೇವೆ ನಿಲ್ಲಿಸಿದ್ದು ಅಮೆರಿಕದ ಕಂಪನಿ. ಆ ಹೊತ್ತಿಗೆ ಅಮೆರಿಕ ನಯಾರಾ ಮೇಲೆ ಅಂಥ ನಿರ್ಬಂಧ ಹಾಕಿರಲಿಲ್ಲ. ಪೆಟ್ಟು ಬಿದ್ದದ್ದು ಭಾರತದ ನೆಲದಲ್ಲಿ, ಭಾರತದ ಕಾನೂನಿನಡಿ ನೋಂದಣಿಯಾದ ಕಂಪನಿಗೆ. ಯಾವುದೋ ಒಂದು ದೇಶ ತಾನೇ ಹೇರುವ ಇಂಥ ನಿರ್ಬಂಧಗಳನ್ನು ಒಪ್ಪುವುದಿಲ್ಲ ಎಂದು ಭಾರತ ಸರ್ಕಾರ ಆಗಲೇ ಹೇಳಿತ್ತು. ನಮ್ಮ ಯಾವ ಕೋರ್ಟೂ ಆದೇಶ ಕೊಟ್ಟಿರಲಿಲ್ಲ, ಯಾವ ಇಲಾಖೆಯೂ ನೋಟಿಸ್ ಕೊಟ್ಟಿರಲಿಲ್ಲ. ಆದರೂ ಕೆಲಸ ನಿಂತಿತು.

ರಷ್ಯಾ ಮೇಲಿನ ನಿರ್ಬಂಧ ಸರಿಯೋ ತಪ್ಪೋ ಅನ್ನುವುದು ಬೇರೆಯೇ ಚರ್ಚೆ. ಇಲ್ಲಿ ಕಾಡುವುದು ಇನ್ನೊಂದು: ಇಷ್ಟು ದೊಡ್ಡ ರಿಫೈನರಿಯ ದಿನದ ವ್ಯವಹಾರ ನಡೆಯಬೇಕೋ ಬೇಡವೋ ಎಂದು ತೀರ್ಮಾನಿಸಿದವರು ಯಾರು? ಅವರನ್ನು ಕೇಳುವ ದಾರಿ ನಮಗಿತ್ತೇ?

ಡೇಟಾ ಇಲ್ಲಿದ್ದರೆ ಸಾಕೇ?

ಡಿಜಿಟಲ್ ಹಿಡಿತ ಅಂದಾಗ ಮೊದಲು ಬರುವ ಉತ್ತರ, ‘ಡೇಟಾ ನಮ್ಮ ದೇಶದಲ್ಲೇ ಇಟ್ಟರೆ ಆಯಿತಲ್ವಾ’ ಅನ್ನುವುದು. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹಣ ಪಾವತಿಯ ಡೇಟಾ ಭಾರತದಲ್ಲೇ ಇರಬೇಕು ಎಂದು ಸುತ್ತೋಲೆ ಹೊರಡಿಸಿದ್ದು ಇದೇ ಯೋಚನೆಯಿಂದ. ತನಿಖೆಗೆ, ಮೇಲ್ವಿಚಾರಣೆಗೆ ಅದು ಬೇಕೇ ಬೇಕು.

ಆದರೆ ಅಷ್ಟೇ ಸಾಲದು. ಅದೇ 2018ರಲ್ಲಿ ಅಮೆರಿಕ ಕ್ಲೌಡ್ ಆಕ್ಟ್ ಎಂಬ ಕಾನೂನು ತಂದಿತು. ಅದರ ಪ್ರಕಾರ ಅಮೆರಿಕದ ಕಂಪನಿ ತನ್ನ ಡೇಟಾವನ್ನು ಜಗತ್ತಿನ ಯಾವ ಮೂಲೆಯಲ್ಲಿ ಇಟ್ಟಿದ್ದರೂ, ಕಾನೂನುಬದ್ಧ ಆದೇಶ ಬಂದರೆ ಅಲ್ಲಿನ ಸರ್ಕಾರಕ್ಕೆ ಕೊಡಬೇಕು. 2025ರ ಜೂನ್‌ನಲ್ಲಿ ಫ್ರಾನ್ಸ್‌ನ ಸೆನೆಟ್ ಇದೇ ಪ್ರಶ್ನೆ ಕೇಳಿತು. ಫ್ರೆಂಚ್ ನಾಗರಿಕರ ಡೇಟಾ ಅಮೆರಿಕ ಸರ್ಕಾರಕ್ಕೆ ಹೋಗುವುದೇ ಇಲ್ಲ ಎಂದು ಖಾತರಿ ಕೊಡಲು ಆಗುತ್ತದೆಯೇ ಎಂದಾಗ, ಅಲ್ಲಿನ ಮೈಕ್ರೋಸಾಫ್ಟ್ ಅಧಿಕಾರಿ ಪ್ರಮಾಣ ಮಾಡಿ, ಆಗುವುದಿಲ್ಲ ಎಂದರು. ಸರ್ವರ್ ಫ್ರಾನ್ಸ್‌ನಲ್ಲೇ ಇದ್ದರೂ ಉತ್ತರ ಅದೇ.

ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಿಷಯವೂ ಯುರೋಪನ್ನು ಬೆಚ್ಚಿಬೀಳಿಸಿತ್ತು. ಅದರ ಮುಖ್ಯ ಪ್ರಾಸಿಕ್ಯೂಟರ್ ಮೇಲೆ ಅಮೆರಿಕ 2025ರ ಫೆಬ್ರವರಿಯಲ್ಲಿ ನಿರ್ಬಂಧ ಹೇರಿದ ಮೇಲೆ ಅವರ ಮೇಲ್ ನಿಂತುಹೋಯಿತು ಎಂಬ ವರದಿ ಬಂತು. ನ್ಯಾಯಾಲಯಕ್ಕೆ ಸೇವೆ ನಿಲ್ಲಿಸಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತು. ಅಷ್ಟರಲ್ಲಿ ಭಯ ಹುಟ್ಟಿಯಾಗಿತ್ತು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಮಾತ್ರ ಇದಕ್ಕೂ ಮೊದಲೇ ದಾರಿ ಹಿಡಿದಿತ್ತು. 40 ಸಾವಿರಕ್ಕೂ ಹೆಚ್ಚು ಸರ್ಕಾರಿ ಮೇಲ್ ಖಾತೆಗಳನ್ನು ಮುಕ್ತ ತಂತ್ರಾಂಶಕ್ಕೆ ಬದಲಾಯಿಸುವ ಕೆಲಸವನ್ನು 2025ರಲ್ಲಿ ಮುಗಿಸಿತು. ನಮ್ಮಲ್ಲೂ ಕೇಂದ್ರ ಸರ್ಕಾರದ ಲಕ್ಷಾಂತರ ನೌಕರರ ಮೇಲ್ ಜೊಹೊ ಕಂಪನಿಯ ವ್ಯವಸ್ಥೆಗೆ ಬಂದಿದೆ.

ಅಂದರೆ ಸರ್ವರ್ ಯಾವ ಊರಲ್ಲಿದೆ ಅನ್ನುವುದಕ್ಕಿಂತ, ಅದನ್ನು ನಡೆಸುವ ಕಂಪನಿ ಯಾವ ಸರ್ಕಾರದ ಮಾತಿಗೆ ತಲೆಬಾಗಬೇಕು ಅನ್ನುವುದು ದೊಡ್ಡ ಪ್ರಶ್ನೆ. ವಿಶಾಖಪಟ್ಟಣದಲ್ಲೋ ನವಿ ಮುಂಬೈಯಲ್ಲೋ ವಿದೇಶಿ ಕಂಪನಿ ಡೇಟಾ ಸೆಂಟರ್ ಕಟ್ಟಿದರೆ ಉದ್ಯೋಗ ಬರುತ್ತದೆ, ತೆರಿಗೆ ಬರುತ್ತದೆ. ಹಿಡಿತ ತಾನಾಗಿ ಬರುವುದಿಲ್ಲ.

ಎಐ ಬಂದಮೇಲೆ ಹಂಗು ಆಳಕ್ಕೆ ಇಳಿಯಿತು

ಮೇಲ್ ಆದರೆ ಒಂದು ವಾರದಲ್ಲಿ ಬೇರೆ ಕಡೆಗೆ ಹೋಗಬಹುದು. ನಯಾರಾ ಕೂಡ ಆ ಕೆಲವು ದಿನ ರೆಡಿಫ್‌ನ ಮೇಲ್ ಸೇವೆ ಹಿಡಿದು ಕೆಲಸ ನಡೆಸಿತು. ಎಐನಲ್ಲಿ ಹಾಗೆ ಸುಲಭವಾಗಿ ಜಾಗ ಬದಲಾಯಿಸಲು ಆಗುವುದಿಲ್ಲ. ಯಾಕೆಂದರೆ ಹಂಗು ಒಂದೇ ಕಡೆ ಇಲ್ಲ.

ಅತ್ಯಂತ ಕೆಳಗೆ ಚಿಪ್ ಇದೆ. ದೊಡ್ಡ ಎಐ ಮಾಡೆಲ್‌ಗಳನ್ನು ತರಬೇತಿ ಮಾಡುವ ಚಿಪ್‌ಗಳಲ್ಲಿ ಬಹುಪಾಲು ಅಮೆರಿಕದ ಎನ್‌ವಿಡಿಯಾ ವಿನ್ಯಾಸದವು. ಅವನ್ನು ತಯಾರಿಸುವುದು ತೈವಾನಿನ ಟಿಎಸ್‌ಎಂಸಿ. ಆ ತಯಾರಿಕೆಗೆ ಬೇಕಾದ ಅತಿ ಸೂಕ್ಷ್ಮ ಬೆಳಕಿನ ಯಂತ್ರವನ್ನು ಮಾಡುವುದು ಜಗತ್ತಿನಲ್ಲಿ ಒಂದೇ ಕಂಪನಿ, ನೆದರ್ಲೆಂಡ್ಸ್‌ನ ಎಎಸ್‌ಎಂಎಲ್. ಚಿಪ್ ಮೇಲೆ ಕ್ಲೌಡ್ (ಬಾಡಿಗೆಗೆ ಸಿಗುವ ದೂರದ ಕಂಪ್ಯೂಟರ್‌ಗಳು), ಅದರ ಮೇಲೆ ಮಾಡೆಲ್, ಅದರ ಮೇಲೆ ನಾವು ಮೊಬೈಲಿನಲ್ಲಿ ನೋಡುವ ಆ್ಯಪ್. ಯಾವ ಮಟ್ಟದಲ್ಲಿ ನಲ್ಲಿ ತಿರುಗಿಸಿದರೂ ಮೇಲಿನವರಿಗೆ ನೀರು ನಿಲ್ಲುತ್ತದೆ.

ಇದು ಊಹೆಯ ಮಾತಲ್ಲ. 2025ರ ಜನವರಿಯಲ್ಲಿ, ಬೈಡನ್ ಅಧಿಕಾರದ ಕೊನೆಯ ದಿನಗಳಲ್ಲಿ, ಅಮೆರಿಕ ಒಂದು ನಿಯಮ ಪ್ರಕಟಿಸಿತು. ಜಗತ್ತಿನ ದೇಶಗಳನ್ನು ಮೂರು ಗುಂಪು ಮಾಡಿ, ಯಾರಿಗೆ ಎಷ್ಟು ಎಐ ಚಿಪ್ ಮಾರಬಹುದು ಎಂದು ಲೆಕ್ಕ ಹಾಕಿತು. 18 ಆಪ್ತ ದೇಶಗಳಿಗೆ ಮಿತಿ ಇಲ್ಲ. ಚೀನಾ, ರಷ್ಯಾದಂಥವಕ್ಕೆ ಇಲ್ಲವೇ ಇಲ್ಲ. ಭಾರತ ನಡುವಿನ ಗುಂಪಿನಲ್ಲಿತ್ತು, ಅಂದರೆ ಕೋಟಾ. ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರ ಆ ನಿಯಮವನ್ನು ರದ್ದು ಮಾಡಿತು. ನಮಗೆ ಅನುಕೂಲವೇ ಆಯಿತು. ಆದರೆ ಹಾಕಿದ್ದೂ ಅವರೇ, ತೆಗೆದದ್ದೂ ಅವರೇ. ನಾವು ಎಷ್ಟು ಕಂಪ್ಯೂಟರ್ ಇಟ್ಟುಕೊಳ್ಳಬಹುದು ಅನ್ನುವುದು ವಾಷಿಂಗ್ಟನ್ನಿನ ಒಂದು ಕಚೇರಿಯ ಫೈಲಿನಲ್ಲಿತ್ತು.

ಭಾರತ ಸುಮ್ನೆ ಕೂತಿಲ್ಲ. 2024ರ ಮಾರ್ಚ್‌ನಲ್ಲಿ ಸುಮಾರು 10,372 ಕೋಟಿ ರೂಪಾಯಿಯ ಇಂಡಿಯಾ ಎಐ ಮಿಷನ್‌ಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಜಿಪಿಯು ಎಂಬ ಎಐ ಚಿಪ್‌ಗಳಲ್ಲಿ 38 ಸಾವಿರದಷ್ಟನ್ನು ಸ್ಟಾರ್ಟ್‌ಅಪ್‌ಗಳಿಗೆ, ಸಂಶೋಧಕರಿಗೆ ಗಂಟೆಗೆ ಸುಮಾರು 65 ರೂಪಾಯಿಯಂತೆ ಸಿಗುವ ಹಾಗೆ ಮಾಡಿದ್ದಾರೆ. ಇದು ನಿಜಕ್ಕೂ ಒಳ್ಳೆಯ ಕೆಲಸ, ಸಣ್ಣ ತಂಡಗಳಿಗೆ ಇಷ್ಟು ಅಗ್ಗದ ಯಂತ್ರ ಬೇರೆ ಕಡೆ ಸಿಗುವುದು ಕಷ್ಟ. ಆದರೂ ಆ ಚಿಪ್‌ಗಳು ಹೊರಗಿನಿಂದಲೇ ಬರಬೇಕು.

ಇಸ್ರೋ ದಾರಿಯಲ್ಲಿ ಇಪ್ಪತ್ತು ವರ್ಷ

‘ಹೋಗಲಿ ಬಿಡಿ, ನಾವೇ ಮಾಡಿಕೊಳ್ಳೋಣ’ ಅನ್ನುವವರು ಇಸ್ರೋ ಉದಾಹರಣೆ ಕೊಡುತ್ತಾರೆ. ಅದು ನ್ಯಾಯವಾದ ಉದಾಹರಣೆಯೇ. ರಷ್ಯಾದಿಂದ ಕ್ರಯೋಜೆನಿಕ್ ಎಂಜಿನ್‌ನ (ಅತಿ ಶೀತಲ ಇಂಧನದಿಂದ ಓಡುವ ರಾಕೆಟ್ ಎಂಜಿನ್) ತಂತ್ರಜ್ಞಾನ ತರುವ ಒಪ್ಪಂದಕ್ಕೆ ಅಮೆರಿಕ ಅಡ್ಡಿ ಮಾಡಿತು, 1992ರಲ್ಲಿ ಇಸ್ರೋ ಮೇಲೆ ನಿರ್ಬಂಧ ಹಾಕಿತು. ಮುಂದಿನ ವರ್ಷ ರಷ್ಯಾ ಹಿಂದೆ ಸರಿದು, ಬರೀ ಎಂಜಿನ್ ಕೊಡುತ್ತೇವೆ, ಮಾಡುವ ವಿದ್ಯೆ ಕೊಡುವುದಿಲ್ಲ ಎಂದಿತು. ನಮ್ಮ ವಿಜ್ಞಾನಿಗಳು ಅದನ್ನು ತಾವೇ ಕಲಿತರು. ಸ್ವದೇಶಿ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ.

ಹೆಮ್ಮೆ ಪಡಲೇಬೇಕಾದ ಕಥೆ. ಆದರೆ ವರ್ಷ ಲೆಕ್ಕ ಹಾಕಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ರಾಕೆಟ್ ಎಂಜಿನ್‌ನ ವಿಜ್ಞಾನ ಆ ಇಪ್ಪತ್ತು ವರ್ಷದಲ್ಲಿ ತೀರಾ ಬದಲಾಗಲಿಲ್ಲ, ಆದ್ದರಿಂದ ತಡವಾಗಿ ತಲುಪಿದರೂ ತಲುಪಿದೆವು. ಎಐ ಚಿಪ್ ಎರಡು ವರ್ಷಕ್ಕೆ ಹಳತಾಗುತ್ತದೆ. ಹೀಗಾಗಿ ಎಲ್ಲ ಮಟ್ಟದಲ್ಲೂ ಪೂರ್ತಿ ಸ್ವಾವಲಂಬನೆ ಎಂಬ ಗುರಿ ಇಟ್ಟುಕೊಂಡರೆ ದುಡ್ಡೂ ಹೋಗುತ್ತದೆ, ಕಾಲವೂ ಹೋಗುತ್ತದೆ. ಚೀನಾದಂಥ ದೇಶಕ್ಕೂ ಇದು ಇನ್ನೂ ಪೂರ್ತಿ ಸಾಧ್ಯವಾಗಿಲ್ಲ.

ಹಾಗಾದರೆ ಎಲ್ಲಿ ಹಿಡಿಯಬೇಕು?

ನಮ್ಮ ಕೈಯಲ್ಲೇ ಇರುವ ಉತ್ತರ ಯುಪಿಐ. ಫೋನ್‌ಪೇ ಮತ್ತು ಗೂಗಲ್ ಪೇ ಎರಡೇ ಸೇರಿ ಶೇ 80ರಷ್ಟು ವ್ಯವಹಾರ ನಡೆಸುತ್ತವೆ. ಬೆಂಗಳೂರಿನ ಫೋನ್‌ಪೇಯಲ್ಲಿ ದೊಡ್ಡ ಪಾಲು ಅಮೆರಿಕದ ವಾಲ್‌ಮಾರ್ಟ್‌ನದು, ಇನ್ನೊಂದು ಗೂಗಲ್‌ನದೇ. ಹಾಗೆ ನೋಡಿದರೆ ಯುಪಿಐ ವಿದೇಶಿ ಕೈಯಲ್ಲಿದೆ ಅನ್ನಿಸುತ್ತದೆ. ಆದರೆ ಕೆಳಗಿನ ಹಳಿ ನಮ್ಮದೇ ಸಂಸ್ಥೆಯಾದ ಎನ್‌ಪಿಸಿಐ (ಭಾರತೀಯ ರಾಷ್ಟ್ರೀಯ ಪಾವತಿ ನಿಗಮ) ನಡೆಸುವಂಥದ್ದು. ನಾಳೆ ಒಂದು ಆ್ಯಪ್ ನಿಂತರೆ ತರಕಾರಿ ಅಂಗಡಿಯವರು ಅದೇ ಬ್ಯಾಂಕ್ ಖಾತೆ ಇಟ್ಟುಕೊಂಡು ಇನ್ನೊಂದು ಆ್ಯಪ್ ಹಾಕಿಕೊಳ್ಳುತ್ತಾರೆ. ಅರ್ಧ ದಿನ ತೊಂದರೆ ಆಗಬಹುದು, ವ್ಯಾಪಾರ ಮುಳುಗುವುದಿಲ್ಲ.

2022ರ ಮಾರ್ಚ್‌ನಲ್ಲಿ ವೀಸಾ ಮತ್ತು ಮಾಸ್ಟರ್‌ಕಾರ್ಡ್ ರಷ್ಯಾ ಬಿಟ್ಟು ಹೋದಾಗ ಇದೇ ಆಯಿತು. ಹೊರದೇಶದಲ್ಲಿ ರಷ್ಯನ್ನರ ಕಾರ್ಡ್ ನಡೆಯಲಿಲ್ಲ. ದೇಶದ ಒಳಗೆ ಮಾತ್ರ ಅವೇ ಕಾರ್ಡ್ ಕೆಲಸ ಮಾಡುತ್ತಲೇ ಇದ್ದವು. 2014ರಲ್ಲಿ ಕ್ರಿಮಿಯಾ ವಿಚಾರಕ್ಕೆ ಮೊದಲ ಪೆಟ್ಟು ಬಿದ್ದಾಗಲೇ ಅವರು ದೇಶದ ಒಳಗಿನ ಕಾರ್ಡ್ ವ್ಯವಹಾರವನ್ನು ತಮ್ಮದೇ ಜಾಲಕ್ಕೆ ತಿರುಗಿಸುವ ಕೆಲಸ ಶುರು ಮಾಡಿದ್ದರು. ರಷ್ಯಾ ಮಾಡಿದ ಯುದ್ಧವನ್ನು ಖಂಡಿಸುವವರೂ ಈ ತಾಂತ್ರಿಕ ಪಾಠವನ್ನು ಗಮನಿಸಬೇಕಾಗುತ್ತದೆ.

ಆದ್ದರಿಂದ ಹಿಡಿತಕ್ಕೆ ಎಲ್ಲದರ ಮಾಲೀಕತ್ವ ಬೇಕಾಗಿಲ್ಲ. ಒಬ್ಬರು ಕೈಕೊಟ್ಟರೆ ಇನ್ನೊಬ್ಬರ ಹತ್ತಿರ ಹೋಗುವ ದಾರಿ ತೆರೆದಿರಬೇಕು, ಆ ದಾರಿಯ ಜಾಗ ನಮ್ಮದಾಗಿರಬೇಕು. ಎಐನಲ್ಲಿ ಅಂಥ ದಾರಿ ಕೊಡುವುದು ಮುಕ್ತ ಮಾಡೆಲ್‌ಗಳು. 2025ರ ಜನವರಿಯಲ್ಲಿ ಚೀನಾದ ಡೀಪ್‌ಸೀಕ್ ತನ್ನ ಮಾಡೆಲ್ ಅನ್ನು ಮುಕ್ತವಾಗಿ ಬಿಟ್ಟಾಗ ಅದು ದೊಡ್ಡ ಸುದ್ದಿಯಾಗಿದ್ದಕ್ಕೆ ಅಗ್ಗದ ಬೆಲೆಯೊಂದೇ ಕಾರಣ ಅಲ್ಲ. ಇಳಿಸಿಕೊಂಡು ನಮ್ಮ ಸರ್ವರ್‌ನಲ್ಲೇ ಓಡಿಸಬಹುದಾದ ಮಾಡೆಲ್ ಅನ್ನು ಯಾರೂ ದೂರದಿಂದ ನಿಲ್ಲಿಸಲಾರರು.

ಕನ್ನಡದ ಐದು ಸಂಕೇತ, ಹದಿನೈದು ಬೈಟ್

ಮುಕ್ತ ಮಾಡೆಲ್ ಸಿಗುತ್ತದೆ ಅಂದಮೇಲೆ ಭಾರತ ತನ್ನದೇ ಮಾಡೆಲ್‌ಗೆ ಯಾಕೆ ದುಡ್ಡು ಹಾಕಬೇಕು ಎಂಬ ವಾದವೂ ಇದೆ. ಇದಕ್ಕೆ ಉತ್ತರ ನಮ್ಮ ಭಾಷೆಯಲ್ಲೇ ಇದೆ.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಂಪ್ಯೂಟರಿಗೆ ಅದು ಐದು ಸಂಕೇತ: ಕ, ನ, ಒತ್ತಿನ ಚಿಹ್ನೆ, ಇನ್ನೊಂದು ನ, ಡ. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು, ಅಲ್ಲಿಗೆ 15 ಬೈಟ್. ಇಂಗ್ಲಿಷಿನ ಐದು ಅಕ್ಷರಕ್ಕೆ ಐದೇ ಬೈಟ್. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಮಾಡೆಲ್ ಕನ್ನಡ ಪದಗಳನ್ನು ಚೂರುಚೂರು ಮಾಡಿ ಓದುತ್ತದೆ. ಚೂರು ಹೆಚ್ಚಾದಷ್ಟೂ ಖರ್ಚು ಹೆಚ್ಚು, ಉತ್ತರ ನಿಧಾನ. ಜೊತೆಗೆ ಕಲಿಯಲು ಸಿಕ್ಕಿರುವ ಕನ್ನಡ ಪಠ್ಯವೂ ಕಡಿಮೆ. ರೈತರೊಬ್ಬರು ಬೆಳೆವಿಮೆ ಬಗ್ಗೆ ಕನ್ನಡದಲ್ಲಿ ಕೇಳಿದಾಗ ತಪ್ಪು ಉತ್ತರ ಬರುವ ಸಾಧ್ಯತೆ ಜಾಸ್ತಿಯಾಗುವುದು ಇಲ್ಲಿಂದಲೇ. ಹೊರಗಿನ ಕಂಪನಿಗಳೂ ಸುಧಾರಿಸುತ್ತಿವೆ, ನಿಜ. ಆದರೆ ಕನ್ನಡಕ್ಕೆ ಎಷ್ಟು ಗಮನ ಕೊಡಬೇಕು ಎಂದು ಅವರು ತಮ್ಮ ಮಾರುಕಟ್ಟೆ ನೋಡಿ ತೀರ್ಮಾನಿಸುತ್ತಾರೆ.

ಬೆಂಗಳೂರಿನ ಸರ್ವಂ ಎಐಯನ್ನು 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ದೇಶಿ ಮಾಡೆಲ್ ಕಟ್ಟಲು ಆರಿಸಿದ್ದು ಇದೇ ಕೊರತೆ ನೀಗಲಿ ಎಂದು. ದೆಹಲಿ ಶೃಂಗಸಭೆಯಲ್ಲಿ ಅವರು 3,000 ಕೋಟಿ ಮತ್ತು 10,500 ಕೋಟಿ ಪ್ಯಾರಾಮೀಟರ್‌ಗಳ (ಮಾಡೆಲ್ ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳು) ಎರಡು ಮಾಡೆಲ್ ತೋರಿಸಿದರು. ಇವು ಅಮೆರಿಕದ ದೊಡ್ಡ ಮಾಡೆಲ್‌ಗಳನ್ನು ಸೋಲಿಸುತ್ತವೆಯೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಮಾಡೆಲ್ ಅನ್ನು ಮೊದಲಿನಿಂದ ಕಟ್ಟುವ ವಿದ್ಯೆ ಬಲ್ಲ ನೂರಾರು ಎಂಜಿನಿಯರ್‌ಗಳು ಇಲ್ಲೇ ತಯಾರಾಗುತ್ತಾರಲ್ಲ, ಅದು ದೊಡ್ಡ ಲಾಭ. ವಿದ್ಯೆ ಇದ್ದವರಿಗೆ ಮಾತ್ರ ಬೇರೆಯವರ ಮಾಡೆಲ್ ಒಳಗೆ ಏನಿದೆ ಎಂದು ಪರೀಕ್ಷಿಸಲು ಬರುತ್ತದೆ.

ಜಗತ್ತಿನ ನಿಯಮ ಅಂದರೆ ಯಾರ ನಿಯಮ?

2023ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ 28 ದೇಶಗಳು ಮತ್ತು ಐರೋಪ್ಯ ಒಕ್ಕೂಟ ಸೇರಿದಾಗ ಅಮೆರಿಕ, ಚೀನಾ ಎರಡೂ ಒಂದೇ ಹೇಳಿಕೆಗೆ ಸಹಿ ಹಾಕಿದ್ದವು. ಆಗಿನ ಮಾತೆಲ್ಲ ಅಪಾಯದ ಬಗ್ಗೆ. 2025ರ ಫೆಬ್ರವರಿಯ ಪ್ಯಾರಿಸ್ ಸಭೆಯ ಹೊತ್ತಿಗೆ ಗಾಳಿ ತಿರುಗಿತ್ತು. ಭಾರತವೂ ಸಹ-ಅಧ್ಯಕ್ಷತೆ ವಹಿಸಿದ್ದ ಆ ಸಭೆಯ ಹೇಳಿಕೆಗೆ ಅಮೆರಿಕ, ಬ್ರಿಟನ್ ಸಹಿ ಹಾಕಲಿಲ್ಲ.

ಈಗ ಮೂರು ದಿಕ್ಕಿಗೆ ಜಗ್ಗಾಟ. ಯುರೋಪ್ ಕಾನೂನಿನ ದಾರಿ ಹಿಡಿದಿದೆ. ಅದರ ಎಐ ಕಾಯ್ದೆ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು, ಹಂತ ಹಂತವಾಗಿ ಅನ್ವಯವಾಗುತ್ತಿದೆ. ನಿಷೇಧಿಸಿದ ಕೆಲಸ ಮಾಡಿದರೆ ಮೂರೂವರೆ ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇ 7, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ. ಇದು ದೂರದ ಸಂಗತಿ ಅಂದುಕೊಳ್ಳಬೇಡಿ. ಬೆಂಗಳೂರಿನ ಕಂಪನಿ ಯುರೋಪಿನ ಗ್ರಾಹಕರಿಗೆ ಉದ್ಯೋಗ ಅರ್ಜಿ ಸೋಸುವ ತಂತ್ರಾಂಶ ಮಾಡಿಕೊಟ್ಟರೆ, ಅದು ಆ ಕಾನೂನಿನ ‘ಹೆಚ್ಚು ಅಪಾಯ’ದ ವರ್ಗಕ್ಕೆ ಸೇರುತ್ತದೆ. ಆ ಕಾನೂನು ಮಾಡುವಾಗ ನಮ್ಮ ಸಂಸದರ ಅಭಿಪ್ರಾಯವನ್ನು ಯಾರೂ ಕೇಳಿಲ್ಲ, ಪಾಲಿಸಬೇಕಾದವರು ಮಾತ್ರ ನಮ್ಮ ಎಂಜಿನಿಯರ್‌ಗಳು.

ಅಮೆರಿಕ ಈಗ ಜಾಗತಿಕ ಆಡಳಿತ ಎಂಬ ಮಾತನ್ನೇ ತಳ್ಳಿಹಾಕುತ್ತಿದೆ. 2025ರ ಜುಲೈನ ಅದರ ಎಐ ಯೋಜನೆಯಲ್ಲಿ, ಚಿಪ್‌ನಿಂದ ಮಾಡೆಲ್‌ವರೆಗೆ ಪೂರ್ತಿ ಅಮೆರಿಕನ್ ಸರಕನ್ನೇ ಮಿತ್ರ ದೇಶಗಳಿಗೆ ಕೊಡುವ ಮಾತಿದೆ. ಅದೇ ಜುಲೈನಲ್ಲಿ ಚೀನಾ ಶಾಂಘೈಯಲ್ಲಿ ಜಾಗತಿಕ ಎಐ ಸಹಕಾರ ಸಂಸ್ಥೆ ಕಟ್ಟೋಣ ಎಂದಿತು.

ಇವುಗಳ ನಡುವೆ ವಿಶ್ವಸಂಸ್ಥೆ 2025ರ ಆಗಸ್ಟ್‌ನಲ್ಲಿ 40 ತಜ್ಞರ ವೈಜ್ಞಾನಿಕ ಸಮಿತಿ ಮತ್ತು ಜಾಗತಿಕ ಸಂವಾದ ಎಂಬ ಎರಡು ವ್ಯವಸ್ಥೆ ಮಾಡಲು ನಿರ್ಣಯ ಮಾಡಿತು. ಸಂವಾದ 2026ರ ಜುಲೈನಲ್ಲಿ ಜಿನೀವಾದಲ್ಲಿ, 2027ರಲ್ಲಿ ನ್ಯೂಯಾರ್ಕ್‌ನಲ್ಲಿ. ಸಮಿತಿ ವರದಿ ಕೊಡುತ್ತದೆ, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಸಣ್ಣದು ಅನ್ನಿಸಬಹುದು. ಆದರೆ ಎಐ ಅಪಾಯದ ಬಗ್ಗೆ ಈಗ ಬರುವ ಮಾಹಿತಿಯಲ್ಲಿ ಬಹುಪಾಲು ಅದನ್ನು ಮಾರುವ ಕಂಪನಿಗಳಿಂದಲೇ ಬರುತ್ತಿರುವಾಗ, ಮಾರಾಟಗಾರರಲ್ಲದವರ ಒಂದು ವರದಿ ಇರುವುದು ಸಣ್ಣ ಸಂಗತಿ ಅಲ್ಲ.

ಭಾರತ ಯಾಕೆ ಕಟ್ಟುನಿಟ್ಟಿನ ಜಾಗತಿಕ ಒಪ್ಪಂದಕ್ಕೆ ಹಿಂಜರಿಯುತ್ತದೆ? ಇದಕ್ಕೆ ಹಳೆಯ ನೆನಪು ಕಾರಣ. 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಪ್ರಕಾರ 1967ರ ಜನವರಿ 1ಕ್ಕೆ ಮೊದಲು ಅಣ್ವಸ್ತ್ರ ಸಿಡಿಸಿದವರು ಮಾತ್ರ ಅಧಿಕೃತ ಅಣ್ವಸ್ತ್ರ ದೇಶಗಳು. ಮೊದಲು ಒಳಗೆ ಹೋದವರು ಬಾಗಿಲು ಹಾಕಿಕೊಂಡರು ಎಂದು ಭಾರತ ಅದಕ್ಕೆ ಸಹಿ ಹಾಕಲೇ ಇಲ್ಲ. ‘ಇಷ್ಟಕ್ಕಿಂತ ದೊಡ್ಡ ಮಾಡೆಲ್ ಕಟ್ಟಲು ಪರವಾನಗಿ ಬೇಕು’ ಎಂಬಂಥ ಪ್ರಸ್ತಾಪ ಬಂದಾಗ ಅದೇ ಅನುಮಾನ ಮತ್ತೆ ಎದ್ದೇಳುತ್ತದೆ. ಆ ಅನುಮಾನಕ್ಕೆ ಆಧಾರ ಇದೆ. ಆದರೆ ನಿಯಮವೇ ಬೇಡ ಅಂದರೆ ಆಗ ನಡೆಯುವುದು ಬಲವಿದ್ದವರ ಮಾತು, ವಾಡಿನಾರ್‌ನಲ್ಲಿ ಕಂಡದ್ದು ಅದನ್ನೇ. ನಿಯಮ ಬರೆಯುವ ಮೇಜಿನಲ್ಲಿ ಮಾತಿಗೆ ತೂಕ ಬರುವುದು ಮನೆಯಲ್ಲಿ ಏನಾದರೂ ಕಟ್ಟಿಕೊಂಡವರಿಗೆ. ಹೀಗಾಗಿ ‘ನಮ್ಮದೇ ಎಐ’ ಮತ್ತು ‘ಜಗತ್ತಿನ ನಿಯಮ’ ಒಂದಕ್ಕೊಂದು ವಿರುದ್ಧ ಅಲ್ಲ, ಒಂದಕ್ಕೆ ಇನ್ನೊಂದು ಬೇಕು.

ಬೇಲಿಯೇ ಹೊಲ ಮೇಯ್ದರೆ?

ಇಷ್ಟೆಲ್ಲ ಹೇಳುವಾಗ ಒಂದು ಪ್ರಶ್ನೆಯನ್ನು ದಾಟಿಕೊಂಡು ಹೋಗುವುದು ಸುಲಭ. ‘ದೇಶದ ಹಿಡಿತ’ ಅಂದರೆ ಸರ್ಕಾರದ ಹಿಡಿತವೇ? ವಿದೇಶಿ ಕಂಪನಿಯ ಕೈಯಿಂದ ಬಿಡಿಸಿದ್ದು ದೆಹಲಿಯ ಒಂದು ಕಚೇರಿಗೆ ಹೋದರೆ ಸಾಮಾನ್ಯ ನಾಗರಿಕರಿಗೆ ಏನು ಸಿಕ್ಕಿತು?

ಇದರ ಒಂದು ದೊಡ್ಡ ಜಟಾಪಟಿ ನಡೆದದ್ದು ಬೆಂಗಳೂರಿನಲ್ಲೇ. ಅಂತರ್ಜಾಲದ ಪೋಸ್ಟ್‌ಗಳನ್ನು ತೆಗೆಯಲು ಅಧಿಕಾರಿಗಳು ‘ಸಹಯೋಗ್’ ಪೋರ್ಟಲ್ ಮೂಲಕ ನೋಟಿಸ್ ಕಳಿಸುವುದನ್ನು ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಪೋಸ್ಟ್ ತಡೆಯಲು ಸರ್ಕಾರಕ್ಕೆ ಅಧಿಕಾರ ಕೊಡುವ ಐಟಿ ಕಾಯ್ದೆಯ 69ಎ ಕಲಂನಲ್ಲಿ ಇರುವ ರಕ್ಷಣೆಗಳನ್ನು ಇದು ಪಕ್ಕಕ್ಕೆ ಸರಿಸುತ್ತದೆ ಎಂಬುದು ಅದರ ವಾದ. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆ ಅರ್ಜಿ ವಜಾ ಮಾಡಿದರು. ವಾಕ್ ಸ್ವಾತಂತ್ರ್ಯದ 19ನೇ ವಿಧಿ ನಾಗರಿಕರಿಗೆ, ವಿದೇಶಿ ಕಂಪನಿಗೆ ಅಲ್ಲ ಎಂದರು. ವಿದೇಶಿ ಕಂಪನಿ ಇಲ್ಲಿನ ಕಾನೂನು ಪಾಲಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ತೆಗೆಸಿದ ಪೋಸ್ಟ್ ಬರೆದವರು ಬಹಳಷ್ಟು ಸಲ ಭಾರತೀಯರೇ. ಅವರ ಮಾತು ಯಾಕೆ ತೆಗೆದರು ಎಂದು ಅವರಿಗೆ ಗೊತ್ತಾಗುವ ದಾರಿ ಇರಬೇಡವೇ?

ಐಟಿ ನಿಯಮಗಳಿಗೆ 2026ರ ಫೆಬ್ರವರಿಯಲ್ಲಿ ಮಾಡಿದ ತಿದ್ದುಪಡಿಯಲ್ಲಿ ಸರ್ಕಾರ ಎಐ ತಯಾರಿಸಿದ ಚಿತ್ರ, ವಿಡಿಯೋಗಳಿಗೆ ಗುರುತು ಹಾಕಬೇಕು ಎಂದಿತು. ಡೀಪ್‌ಫೇಕ್‌ನಿಂದ ಮರ್ಯಾದೆ ಕಳೆದುಕೊಂಡವರನ್ನು ನೋಡಿದರೆ ಇದು ಬೇಕಿತ್ತು. ಅದೇ ತಿದ್ದುಪಡಿ, ಆದೇಶ ಬಂದ ಮೇಲೆ ಪೋಸ್ಟ್ ತೆಗೆಯಲು ಇದ್ದ 36 ಗಂಟೆಯನ್ನು 3 ಗಂಟೆಗೆ ಇಳಿಸಿತು. ಮೂರು ಗಂಟೆಯಲ್ಲಿ ಯಾವ ಕಂಪನಿಯೂ ಯೋಚನೆ ಮಾಡುವುದಿಲ್ಲ, ತೆಗೆದುಬಿಡುತ್ತದೆ. 2023ರ ಡೇಟಾ ರಕ್ಷಣೆ ಕಾಯ್ದೆಯ 17ನೇ ಕಲಂ ಸರ್ಕಾರಿ ಸಂಸ್ಥೆಗಳಿಗೆ ದೊಡ್ಡ ವಿನಾಯಿತಿ ಕೊಡುತ್ತದೆ. ಹೊರಗಿನವರಿಗೆ ಬಿಗಿ, ಒಳಗಿನವರಿಗೆ ಸಡಿಲ ಎಂಬ ಈ ರೀತಿ ಮುಂದುವರಿದರೆ, ಜಿನೀವಾದಲ್ಲಿ ಕಂಪನಿಗಳ ಉತ್ತರದಾಯಿತ್ವದ ಬಗ್ಗೆ ಮಾತಾಡುವ ನಮ್ಮ ಪ್ರತಿನಿಧಿಗಳಿಗೆ ಎದುರಿನವರು ಇದನ್ನೇ ತೋರಿಸುತ್ತಾರೆ.

ಮುಂದೆ ಗಮನಿಸಬೇಕಾದದ್ದು

2025ರ ನವೆಂಬರ್‌ನಲ್ಲಿ ಕೇಂದ್ರ ಪ್ರಕಟಿಸಿದ ಎಐ ಮಾರ್ಗಸೂಚಿಗಳು ಸದ್ಯಕ್ಕೆ ಹೊಸ ಕಾನೂನು ಬೇಡ, ಇರುವ ಕಾನೂನುಗಳೇ ಸಾಕು ಎಂಬ ನಿಲುವಿನವು. ಸಣ್ಣ ಕಂಪನಿಗಳಿಗೆ ಇದು ಉಸಿರಾಡಲು ಜಾಗ ಕೊಡುತ್ತದೆ. ಆದರೆ ಎಐ ಹೇಳಿದ ಮಾತು ಕೇಳಿ ಒಬ್ಬರ ಪಿಂಚಣಿ ನಿಂತರೆ, ಸಾಲದ ಅರ್ಜಿ ತಿರಸ್ಕಾರವಾದರೆ ಯಾರನ್ನು ಕೇಳಬೇಕು ಅನ್ನುವುದಕ್ಕೆ ಇರುವ ಕಾನೂನುಗಳಲ್ಲಿ ನೇರ ಉತ್ತರ ಇಲ್ಲ.

ಶೃಂಗಸಭೆಗಳಿಗಿಂತ ಟೆಂಡರ್‌ಗಳನ್ನು ಗಮನಿಸುವುದು ಒಳ್ಳೆಯದು. ರಾಜ್ಯ ಸರ್ಕಾರದ ಇಲಾಖೆಗಳು, ಆಸ್ಪತ್ರೆಗಳು, ವಿದ್ಯುತ್ ಕಂಪನಿಗಳು ಈಗ ಎಐ ಸೇವೆ ಕೊಳ್ಳಲು ಶುರು ಮಾಡಿವೆ. ಆ ಒಪ್ಪಂದಗಳಲ್ಲಿ ಕೆಲವು ಸಾಲು ಇದೆಯೋ ಇಲ್ಲವೋ ನೋಡಬೇಕು. ಬೇರೆ ದೇಶದ ನಿರ್ಬಂಧ ತೋರಿಸಿ ಸೇವೆ ನಿಲ್ಲಿಸುವುದಾದರೆ ಎಷ್ಟು ದಿನ ಮೊದಲು ಹೇಳಬೇಕು? ನಮ್ಮ ಡೇಟಾವನ್ನು ಯಾವ ರೂಪದಲ್ಲಿ ವಾಪಸ್ ಕೊಡಬೇಕು? ತಕರಾರು ಬಂದರೆ ಯಾವ ಊರಿನ ಕೋರ್ಟು? ನಯಾರಾ ಅರ್ಜಿ ವಾಪಸ್ ಆದ್ದರಿಂದ ಈ ಪ್ರಶ್ನೆಗಳಿಗೆ ದೆಹಲಿ ಹೈಕೋರ್ಟಿನಿಂದ ತೀರ್ಪು ಸಿಗಲಿಲ್ಲ. ಮುಂದಿನ ಸಲ ಸೇವೆ ನಿಂತಾಗ ವಕೀಲರು ಮೊದಲು ತೆರೆಯುವುದು ಈಗ ಸಹಿಯಾಗುತ್ತಿರುವ ಒಪ್ಪಂದದ ಹಾಳೆಗಳನ್ನೇ.